ಪ್ರತಿ ವರ್ಷ ಉದ್ಘಾಟನೆ, ಸಮಾರೋಪ ಯಾವಾಗ?

ಇವತ್ತು ರಾಜಕೀಯ ಬೇಡ. ಒಂದು ಆಮಂತ್ರಣ ಪತ್ರಿಕೆಯ ಬಗ್ಗೆ ಮಾತಾಡೋಣ.

ಕಳೆದ ತಿಂಗಳು ಮೂಡಿಗೆರೆ ಕಡೆಯ ಒಂದು ಕಾಲೇಜಿನಿಂದ ಫೋನ್ ಬಂತು. “ಸರ್, ನಮ್ಮ ಕನ್ನಡ ಸಂಘದ ಉದ್ಘಾಟನೆ ಇದೆ, ನೀವೇ ಬರಬೇಕು.” ನಮ್ಮ ಕಡೆಯವರು ಕರೆದರೆ ಇಲ್ಲ ಅನ್ನೋದು ಹೇಗೆ? ಹೋದೆ. ದೀಪ ಹಚ್ಚಿದ್ದಾಯ್ತು, ಶಾಲು ಹೊದಿಸಿಕೊಂಡಿದ್ದಾಯ್ತು, ಅರ್ಧ ಗಂಟೆ ಭಾಷಣ ಮಾಡಿದ್ದಾಯ್ತು. ವೇದಿಕೆಯಿಂದ ಇಳಿದಾಗ, ನಿವೃತ್ತಿಗೆ ಹತ್ತಿರವಾಗಿದ್ದ ಮೇಷ್ಟ್ರೊಬ್ಬರು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ್ರು: “ಇದೇ ಸಂಘಾನ ಹೋದ ವರ್ಷ ಇನ್ನೊಬ್ಬರು ಉದ್ಘಾಟನೆ ಮಾಡಿದ್ರು. ಅದರ ಹಿಂದಿನ ವರ್ಷ ಮತ್ತೊಬ್ಬರು. ನಾನು ಕೆಲಸಕ್ಕೆ ಸೇರಿದಾಗಿನಿಂದ ಉದ್ಘಾಟನೆ ಆಗ್ತಾನೇ ಇದೆ. ಸಮಾರೋಪ ಮಾತ್ರ ಒಂದು ಸಲಾನೂ ಆಗಿಲ್ಲ.”

ನಾನು ನಕ್ಕುಬಿಟ್ಟೆ. ಆದರೆ ಚಿಕ್ಕಮಗಳೂರಿನ ದಾರಿ ಹಿಡಿದಾಗ ಆ ಮಾತು ಕೊರೆಯೋಕೆ ಶುರುವಾಯ್ತು. ಒಮ್ಮೆ ಉದ್ಘಾಟನೆಯಾದ ಸೇತುವೆಯನ್ನ ಮರು ವರ್ಷ ಮತ್ತೆ ಉದ್ಘಾಟನೆ ಮಾಡ್ತೀವಾ? ಇಲ್ಲ. ಹಾಗಾದ್ರೆ ಸಂಘಾನ ಯಾಕೆ ಮಾಡ್ತೀವಿ? ಉತ್ತರ ಸರಳ. ಅದು ಪ್ರತಿ ವರ್ಷ ಸಾಯುತ್ತೆ. ಅದಕ್ಕೇ ಪ್ರತಿ ವರ್ಷ ಹುಟ್ಟಿಸಬೇಕು.

ಅದೇ ರಾತ್ರಿ ಚಿಕ್ಕಮಗಳೂರಿನಲ್ಲಿ, ನಾನು ಪಿಯುಸಿ ಓದುವಾಗ ಇದ್ದ ಹಾಸ್ಟೆಲ್‌ಗೆ ಹೋದೆ. ಅಕ್ಕಿ ರೊಟ್ಟಿ ತಿಂದು ಬೆಳೆದ ಕಳಸದ ಹುಡುಗ ರಾಗಿ ಮುದ್ದೆ ನುಂಗೋದು ಕಲಿತಿದ್ದು ಅಲ್ಲೇ. ಅಡುಗೆ ಅಣ್ಣ ಇನ್ನೂ ಅವರೇ. ನೋಡಿದ ಕೂಡಲೇ, “ಏನಪ್ಪಾ, ಟಿವೀಲಿ ಅಷ್ಟೊಂದು ಕಿರುಚ್ತೀಯ, ಇಲ್ಲಿದ್ದಾಗ ಇನ್ನೊಂದು ಸೌಟು ಸಾರು ಕೇಳೋಕೂ ಬಾಯಿ ಬರ್ತಿರಲಿಲ್ಲ” ಅಂದ್ರು. ಊಟದ ಹಾಲ್‌ನಲ್ಲಿ ಎರಡನೇ ವರ್ಷದ ಹುಡುಗ ಹೊಸಬನಿಗೆ ತಟ್ಟೆ ಎಲ್ಲಿ ಇಡಬೇಕು, ಬಿಸಿನೀರಿಗೆ ಎಷ್ಟು ಗಂಟೆಗೆ ಏಳಬೇಕು ಅಂತ ಹೇಳಿಕೊಡ್ತಿದ್ದ. ನನಗೂ ಒಬ್ಬ ಹಾಗೇ ಹೇಳಿಕೊಟ್ಟಿದ್ದ. ಅವನಿಗೆ ಇನ್ನೊಬ್ಬ. ಈ ಹಾಸ್ಟೆಲ್ಲನ್ನ ನಾನು ಕಂಡಂತೆ ಯಾರೂ ಪ್ರತಿ ವರ್ಷ ಉದ್ಘಾಟನೆ ಮಾಡಿಲ್ಲ. ಅದು ನಡೀತಾನೇ ಇದೆ.

ಎರಡೂ ಕಡೆ ಅದೇ ವಯಸ್ಸಿನ ಹುಡುಗರು. ಅದೇ ಜಿಲ್ಲೆ, ಅದೇ ಮಳೆ. ಒಂದು ಪ್ರತಿ ವರ್ಷ ಸಾಯುತ್ತೆ, ಇನ್ನೊಂದು ದಶಕಗಳ ಕಾಲ ಬದುಕುತ್ತೆ. ಯಾಕೆ? ಇವತ್ತಿನ ಪ್ರಶ್ನೆ ಇದು.

ಮೊದಲು ಲೆಕ್ಕ ನೋಡೋಣ. ಇಂಜಿನಿಯರಿಂಗ್ ಓದಿದವನು ನಾನು, ಲೆಕ್ಕ ಬಿಟ್ಟು ಮಾತಾಡೋಕೆ ಬರಲ್ಲ. ಒಂದು ಬ್ಯಾಂಕಿನಲ್ಲಿ, ಒಂದು ಕಚೇರಿಯಲ್ಲಿ ಒಬ್ಬ ಮನುಷ್ಯ ಮೂವತ್ತು ವರ್ಷ ಇರ್ತಾನೆ. ಡಿಗ್ರಿ ಕಾಲೇಜಿನ ಸಂಘದಲ್ಲಿ? ಮೂರೇ ವರ್ಷ. ಅಂದ್ರೆ ಪ್ರತಿ ವರ್ಷ ಮೂರರಲ್ಲಿ ಒಂದು ಪಾಲು ಜನ ಖಾಲಿ. ಮೂರು ವರ್ಷ ಕಳೆದರೆ ಹಳಬರು ಒಬ್ಬರೂ ಇಲ್ಲ. ಒಂದು ಬಸ್ಸಿನ ಚಕ್ರ, ಇಂಜಿನ್, ಸೀಟು, ಡ್ರೈವರ್, ಕಂಡಕ್ಟರ್ ಎಲ್ಲವನ್ನೂ ಮೂರು ವರ್ಷಕ್ಕೊಮ್ಮೆ ಬದಲಾಯಿಸಿ, ಬಸ್ಸು ಮಾತ್ರ ಒಂದು ದಿನಾನೂ ನಿಲ್ಲಬಾರದು ಅಂದ್ರೆ ಹೇಗೆ? ವಿದ್ಯಾರ್ಥಿ ಸಂಘ ನಡೆಸೋದು ಅಂದ್ರೆ ಅದೇ.

ಅದರಲ್ಲೂ ನಾವೊಂದು ತಪ್ಪು ಮಾಡ್ತೀವಿ. ಅಧ್ಯಕ್ಷ, ಕಾರ್ಯದರ್ಶಿ ಎಲ್ಲರೂ ಕೊನೇ ವರ್ಷದವರೇ ಆಗಿರಬೇಕು ಅಂತ. ಕೆಲಸ ಗೊತ್ತಿರೋ ಅಷ್ಟೂ ಜನ ಪರೀಕ್ಷೆ ಬರೆದು ಒಂದೇ ದಿನ ಗೇಟು ದಾಟ್ತಾರೆ. ಹೊಸಬರು ಬರೋದು ತಿಂಗಳುಗಳಾದ ಮೇಲೆ. ಹೋಗೋರು ಬರೋರ ಮುಖ ನೋಡಲ್ಲ. ಸಂಘ ಸಾಯೋದು ಆ ಖಾಲಿ ತಿಂಗಳುಗಳಲ್ಲಿ. ಜಗಳದಿಂದಲ್ಲ, ದುಡ್ಡಿಲ್ಲದೆಯೂ ಅಲ್ಲ. ಬೀಗದ ಕೈ ಯಾರಿಗೆ ಕೊಡಬೇಕು ಅಂತ ಗೊತ್ತಾಗದೆ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಅಮೆರಿಕದ ಕಾಲೇಜುಗಳಲ್ಲಿ ಫ್ರೆಟರ್ನಿಟಿ, ಸೊರಾರಿಟಿ ಅಂತ ಇರ್ತವೆ. ಹುಡುಗರದ್ದು ಫ್ರೆಟರ್ನಿಟಿ, ಹುಡುಗಿಯರದ್ದು ಸೊರಾರಿಟಿ. ಹೆಸರೆಲ್ಲ ಗ್ರೀಕ್ ಅಕ್ಷರಗಳಲ್ಲಿ. ಒಂದೊಂದಕ್ಕೂ ಬೇರೆ ಬೇರೆ ಕಾಲೇಜುಗಳಲ್ಲಿ ಶಾಖೆಗಳು. ಬಹಳಷ್ಟಕ್ಕೆ ಸ್ವಂತ ಮನೆ ಇರುತ್ತೆ, ಸದಸ್ಯರು ಅಲ್ಲೇ ಒಟ್ಟಿಗೆ ವಾಸ ಮಾಡ್ತಾರೆ.

ಗ್ರೀಕ್ ಅಕ್ಷರದ ಹೆಸರಿಟ್ಟುಕೊಂಡ ಮೊದಲ ಸಂಘ ಫೈ ಬೀಟಾ ಕಪ್ಪ. ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ 1776ರ ಡಿಸೆಂಬರ್ 5ರಂದು ಶುರುವಾಯ್ತು. ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡ ಅದೇ ವರ್ಷ. ಇಲ್ಲೊಂದು ಸ್ವಾರಸ್ಯ ಇದೆ. ನಾಲ್ಕೇ ವರ್ಷಕ್ಕೆ ಯುದ್ಧ ಕಾಲೇಜಿನ ಬಾಗಿಲಿಗೆ ಬಂತು. ಬ್ರಿಟಿಷ್ ಸೈನ್ಯ ಹತ್ತಿರ ಬರ್ತಿದ್ದ ಹಾಗೆ ಆ ಮೂಲ ಶಾಖೆಯೇ ಬಾಗಿಲು ಹಾಕಿತು. ಅಲ್ಲಿಗೆ ಕಥೆ ಮುಗೀಬೇಕಿತ್ತು. ಮುಗೀಲಿಲ್ಲ. ಯಾಕೆ ಅಂದ್ರೆ ಅಷ್ಟರಲ್ಲೇ ಅವರು ಯೇಲ್ ಮತ್ತು ಹಾರ್ವರ್ಡ್ ಕಾಲೇಜುಗಳಿಗೆ ಶಾಖೆ ತೆರೆಯುವ ಸನ್ನದು ಕಳಿಸಿಕೊಟ್ಟಿದ್ದರು. ತಾಯಿ ಬೇರು ಒಣಗಿತು, ಬೇರೆಡೆ ನೆಟ್ಟ ಸಸಿಗಳು ಹಿಡಿದುಕೊಂಡವು. ಇವತ್ತಿಗೂ ಆ ಸಂಘ ಇದೆ. ಈಗ ಅದು ಚೆನ್ನಾಗಿ ಓದುವವರಿಗೆ ಸಿಗುವ ಒಂದು ಗೌರವ.

ಇನ್ನೊಂದು ವರ್ಷ ನೆನಪಿಟ್ಟುಕೊಳ್ಳಿ. 1906. ಆ ವರ್ಷದ ಡಿಸೆಂಬರ್‌ನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಏಳು ಮಂದಿ ಕಪ್ಪು ವರ್ಣೀಯ ವಿದ್ಯಾರ್ಥಿಗಳು ಆಲ್ಫಾ ಫೈ ಆಲ್ಫಾ ಅನ್ನೋ ಸಂಘ ಕಟ್ಟಿದರು. ಬಿಳಿಯರ ಫ್ರೆಟರ್ನಿಟಿಗಳ ಬಾಗಿಲು ಅವರಿಗೆ ಮುಚ್ಚಿತ್ತು. ಓದೋಕೆ ಜೊತೆ ಬೇಕಿತ್ತು, ಆಸರೆ ಬೇಕಿತ್ತು. ನೂರು ವರ್ಷ ದಾಟಿದ ಮೇಲೂ ಆ ಸಂಘ ಬದುಕಿದೆ. ಮಾರ್ಟಿನ್ ಲೂಥರ್ ಕಿಂಗ್ ಕೂಡ ಅದರ ಸದಸ್ಯರಾಗಿದ್ದವರು.

ಅದೇ 1906ರಲ್ಲಿ ನಮ್ಮ ಬೆಂಗಳೂರಿನಲ್ಲಿ ಏನಾಯ್ತು? ಒಕ್ಕಲಿಗರ ಸಂಘ ಹುಟ್ಟಿತು. ಅಲ್ಲಿಗೂ ಇಲ್ಲಿಗೂ ಸಂಬಂಧ ಇಲ್ಲ. ಆದರೆ ಹಿಂದಿದ್ದ ಕಷ್ಟ ಒಂದೇ ಜಾತಿಯದು. ಹಳ್ಳಿಯಿಂದ ಪಟ್ಟಣಕ್ಕೆ ಓದೋಕೆ ಬಂದ ಹುಡುಗ ಉಳಿಯೋದು ಎಲ್ಲಿ? ಉಣ್ಣೋದು ಎಲ್ಲಿ? ಆಗ ಬ್ರಾಹ್ಮಣರ ಹುಡುಗರಿಗೆ ವಾರಾನ್ನ ಅಂತ ಒಂದು ವ್ಯವಸ್ಥೆ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅವಮಾನ ನುಂಗಿಕೊಂಡಾದರೂ ಹೊಟ್ಟೆ ತುಂಬ್ತಿತ್ತು. ಉಳಿದ ಜಾತಿಯ ಹುಡುಗರಿಗೆ ಪಟ್ಟಣದಲ್ಲಿ ಆ ಏಳು ಮನೆಗಳೂ ಇರಲಿಲ್ಲ. ಅದಕ್ಕೇ ಒಂದೊಂದು ಸಮುದಾಯವೂ ತನ್ನ ಹುಡುಗರಿಗೆ ತಾನೇ ಹಾಸ್ಟೆಲ್ ಕಟ್ಟಿಕೊಳ್ತು. ಒಕ್ಕಲಿಗರು ಕಟ್ಟಿದರು, ಲಿಂಗಾಯತರು ಕಟ್ಟಿದರು, ಮಠಗಳು ಕಟ್ಟಿದವು. ನಮ್ಮ ರಾಜ್ಯದ ಫ್ರೆಟರ್ನಿಟಿ ಹೌಸ್ ಯಾವುದು ಅಂತ ಕೇಳಿದರೆ ನಾನು ತೋರಿಸೋದು ಈ ಹಾಸ್ಟೆಲ್ಲುಗಳನ್ನೇ.

ಕಾಫಿ ಸೀಮೆಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಕುವೆಂಪು ಹುಟ್ಟಿದ್ದು ಇದೇ ಜಿಲ್ಲೆಯ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ. ಓದೋಕೆ ಮೈಸೂರಿಗೇ ಹೋಗಬೇಕಾಯ್ತು. ಅಲ್ಲಿ ಅವರಿಗೆ ನೆಲೆ ಕೊಟ್ಟಿದ್ದು ರಾಮಕೃಷ್ಣ ಆಶ್ರಮ. ಇವತ್ತಿಗೂ ಕಳಸದ ಆಚೆಯ ಹುಡುಗಿಯ ಕಷ್ಟ ಹೆಚ್ಚು ಬದಲಾಗಿಲ್ಲ. ಭದ್ರಾ ನದಿ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿತು ಅಂತ ನಾವೇ ಎಷ್ಟು ಮಳೆಗಾಲ ಬ್ರೇಕಿಂಗ್ ನ್ಯೂಸ್ ಹಾಕಿಲ್ಲ? ನಿಮಗೆ ಅದು ಎರಡು ನಿಮಿಷದ ದೃಶ್ಯ. ಆ ಹುಡುಗಿಗೆ ಅದು ಹೋದ ಬಸ್ಸು, ಹೋದ ಕ್ಲಾಸು, ಕೊರತೆಯಾದ ಹಾಜರಾತಿ. ಬೆಟ್ಟದ ಮೇಲಿನ ಮಕ್ಕಳ ಪಾಲಿಗೆ ಹಾಸ್ಟೆಲ್ ಸೀಟು ಅಂದ್ರೆ ಕಾಲೇಜು ಸೀಟು. ಒಂದಿಲ್ಲದೆ ಇನ್ನೊಂದಿಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ಹಾಸ್ಟೆಲ್ ಯಾಕೆ ಬದುಕುತ್ತೆ, ಸಂಘ ಯಾಕೆ ಸಾಯುತ್ತೆ?

ಒಂದು, ಹಸಿವು. ಹಾಸ್ಟೆಲ್‌ಗೆ ದಿನಕ್ಕೆ ಮೂರು ಸಲ ಕೆಲಸ ಇರುತ್ತೆ. ಸಂಘಕ್ಕೆ ವರ್ಷಕ್ಕೆ ಒಂದು ಸಲ, ನವೆಂಬರ್‌ನಲ್ಲಿ. ದಿನಾ ಬೇಕಾಗೋದನ್ನ ಜನ ಸಾಯೋಕೆ ಬಿಡಲ್ಲ.

ಎರಡು, ಜಾಗ. ಗೋಡೆ ಇದ್ದರೆ ನೆನಪು ಉಳಿಯುತ್ತೆ. ಧಾರವಾಡದ ಕಡೆ ನೋಡಿ. 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘ ಇವತ್ತಿಗೂ ಇದೆ, ಕಟ್ಟಡ ಇದೆ, ಚುನಾವಣೆ ಇದೆ. 1920ರ ದಶಕದಲ್ಲಿ ಅದೇ ಊರಿನಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡಿತು. ಎಂಥೆಂಥವರು! ಗೋಕಾಕರು, ಶಂಬಾ ಜೋಶಿ, ಆನಂದಕಂದರು. ಪ್ರತಿಭೆ ಲೆಕ್ಕ ಹಾಕಿದರೆ ಅಂಥ ಸಂಘ ಇನ್ನೊಂದಿಲ್ಲ. ಆದರೆ ಅದು ಒಂದು ಪೀಳಿಗೆಗೇ ಮುಗೀತು. ಅದು ಸ್ನೇಹದ ಮೇಲೆ ನಿಂತಿತ್ತು, ಸ್ನೇಹವನ್ನ ವರ್ಗಾವಣೆ ಮಾಡೋಕೆ ಆಗಲ್ಲ. ಉಳಿದಿದ್ದು ಏನು? ಆ ಗುಂಪಿನ ನಂಟಿನವರೇ ಆದ ಜಿ. ಬಿ. ಜೋಶಿ 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲಾ. ಅದಕ್ಕೊಂದು ಅಟ್ಟ ಇತ್ತು, ಪುಸ್ತಕ ಅಚ್ಚು ಮಾಡೋ ಕೆಲಸ ಇತ್ತು. ಅದು ಉಳೀತು.

ಮೂರು, ಹೋಗದೆ ಇರೋ ಒಬ್ಬ ಮನುಷ್ಯ. ಹಾಸ್ಟೆಲ್‌ನಲ್ಲಿ ಅದು ಅಡುಗೆ ಅಣ್ಣ ಅಥವಾ ವಾರ್ಡನ್. ಕಾಲೇಜಿನಲ್ಲಿ ಅದು ಮೇಷ್ಟ್ರು. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ ನಿಮಗೆ ಗೊತ್ತಿರಬಹುದು. ಪಾಠವೆಲ್ಲ ಇಂಗ್ಲಿಷ್‌ನಲ್ಲಿ ನಡೆಯೋ ಕಾಲೇಜು. ಅಲ್ಲಿ ಚಿ. ಶ್ರೀನಿವಾಸರಾಜು ಅನ್ನೋ ಒಬ್ಬ ಮೇಷ್ಟ್ರು 1970ರ ದಶಕದಿಂದ ಹಿಡಿದು ವಿದ್ಯಾರ್ಥಿಗಳಿಂದ ಕವಿತೆ ಬರೆಸಿದರು, ಬೇಂದ್ರೆ ಹೆಸರಿನಲ್ಲಿ ಕವನ ಸ್ಪರ್ಧೆ ಮಾಡಿದರು, ಪುಸ್ತಕ ಅಚ್ಚು ಹಾಕಿಸಿದರು. ರಾಜ್ಯದ ಎಷ್ಟೋ ಕವಿಗಳು ಮೊದಲು ಅಚ್ಚಾಗಿದ್ದು ಅಲ್ಲಿ. ಮೇಷ್ಟ್ರು 2007ರಲ್ಲಿ ತೀರಿಕೊಂಡರು. ಸಂಘ ಅವರ ಜೊತೆಗೆ ಹೋಗಲಿಲ್ಲ. ಯಾಕೆ ಅಂದ್ರೆ ಅಷ್ಟು ಹೊತ್ತಿಗೆ ಅದಕ್ಕೊಂದು ಅಭ್ಯಾಸ ಬಿದ್ದಿತ್ತು.

ನಾಲ್ಕು, ವಾಪಸ್ ಬರೋ ಹಳಬರು. ಕಾಫಿ ಕೊಯ್ಲು ಮುಗಿದ ಮೇಲೆ ನಮ್ಮ ಹಾಸ್ಟೆಲ್ ಮುಂದೆ ಒಂದು ಜೀಪು ನಿಲ್ಲುತ್ತೆ. ಯಾರೋ ಒಬ್ಬ ಹಳೇ ವಿದ್ಯಾರ್ಥಿ ಎರಡು ಮೂಟೆ ಅಕ್ಕಿ, ಹತ್ತು ಕೆಜಿ ಕಾಫಿ ಪುಡಿ ಇಳಿಸಿ, ಒಂದು ಊಟ ಮಾಡಿ ಹೋಗ್ತಾರೆ. ಅಮೆರಿಕದ ಫ್ರೆಟರ್ನಿಟಿಗಳ ಗುಟ್ಟೂ ಇದೇ. ಸದಸ್ಯತ್ವ ನಾಲ್ಕು ವರ್ಷದ್ದಲ್ಲ, ಸಾಯೋವರೆಗಿನದು.

ಇದೆಲ್ಲ ಉಪದೇಶದ ಥರ ಕೇಳಿಸಬಹುದು. ಹಾಗಾಗಿ ನನ್ನದೇ ಒಂದು ಕಥೆ ಹೇಳಿಬಿಡ್ತೀನಿ.

ಬೆಂಗಳೂರಿನಲ್ಲಿ ನಾನು ಇಂಜಿನಿಯರಿಂಗ್ ಓದಿದ ಕಾಲೇಜಿನಲ್ಲಿ ನಮ್ಮ ಜಿಲ್ಲೆಯ ಹುಡುಗರದ್ದೊಂದು ಬಳಗ ಇತ್ತು. ನೋಂದಣಿ ಇಲ್ಲ, ಬೋರ್ಡಿಲ್ಲ. ಕೆಲಸ ಮಾತ್ರ ಪಕ್ಕಾ. ಊರಿಂದ ಹೊಸ ಹುಡುಗ ರಾತ್ರಿ ಬಸ್ಸಿಗೆ ಹೊರಟರೆ, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ನಮ್ಮವನೊಬ್ಬ ನಿಂತಿರ್ತಿದ್ದ. ರೂಮು ಹುಡುಕಿಕೊಡೋದು, ಹಳೇ ಪುಸ್ತಕ ಕೊಡೋದು, ಗಣಿತದಲ್ಲಿ ಡುಮ್ಕಿ ಹೊಡೆದವನಿಗೆ ಪಾಠ ಹೇಳೋದು. ಇಂಜಿನಿಯರಿಂಗ್ ಡ್ರಾಯಿಂಗ್‌ಗೆ ಬೇಕಾಗೋ ಡ್ರಾಫ್ಟರ್ ಒಂದು ನಾಲ್ಕು ಬ್ಯಾಚ್ ಕೈ ದಾಟಿ ನನ್ನ ಕೈಗೆ ಬಂದಿತ್ತು.

ಕೊನೇ ವರ್ಷ ನಾನೇ ಅದರ ಕಾರ್ಯದರ್ಶಿ. ಬಳಗದ ದುಡ್ಡು ನನ್ನ ಖಾತೆಯಲ್ಲಿ, ಎಲ್ಲರ ನಂಬರ್ ನನ್ನ ಫೋನಿನಲ್ಲಿ. ಎಲ್ಲ ನನ್ನ ತಲೆಯಲ್ಲಿದೆ ಅಂತ ಹೆಮ್ಮೆ ಬೇರೆ. ಪರೀಕ್ಷೆ ಮುಗೀತು, ಕೆಲಸ ಸಿಕ್ತು, ಹೊರಟೆ. ಯಾರಿಗೆ ಏನು ಒಪ್ಪಿಸಬೇಕು ಅಂತ ಯೋಚನೆಯೇ ಬರಲಿಲ್ಲ. ಮರು ವರ್ಷ ಊರಿನ ಕಡೆಯ ಹುಡುಗನೊಬ್ಬ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಯಾರೂ ನಿಂತಿರಲಿಲ್ಲ. ಒಂದು ಸೆಮಿಸ್ಟರ್‌ಗೇ ಅವನು ಓದು ಬಿಟ್ಟು ವಾಪಸ್ ಹೋದ ಅಂತ ನನಗೆ ಗೊತ್ತಾಗಿದ್ದು ಬಹಳ ಆಮೇಲೆ. ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಆ ಬಳಗವನ್ನ ಕೊಂದವನು ನಾನೇ. ಡ್ರಾಫ್ಟರ್ ಈಗಲೂ ನಮ್ಮನೆ ಅಟ್ಟದ ಮೇಲಿದೆ. ಅದು ನನ್ನದಲ್ಲ.

ಇನ್ನೊಂದು ಮುಖಾನೂ ನೋಡಲೇಬೇಕು. ಉಳಿದಿದ್ದೆಲ್ಲ ಒಳ್ಳೇದಾ? ಖಂಡಿತ ಅಲ್ಲ. ಯಾವ ಉದ್ಘಾಟನೆಯೂ ಇಲ್ಲದೆ, ಯಾವ ಪುಸ್ತಕದಲ್ಲೂ ಬರೆದಿಡದೆ, ಬ್ಯಾಚಿನಿಂದ ಬ್ಯಾಚಿಗೆ ತಪ್ಪದೆ ದಾಟೋ ಸಂಪ್ರದಾಯ ಒಂದಿದೆ. ಅದರ ಹೆಸರು ರ‍್ಯಾಗಿಂಗ್. “ನಮಗೆ ಮಾಡಿದ್ರು, ನಾವು ಮಾಡ್ತೀವಿ” ಅನ್ನೋದು ಒಂದು ಹಸ್ತಾಂತರವೇ. ಕರ್ನಾಟಕ ಶಿಕ್ಷಣ ಕಾಯ್ದೆ ಅದನ್ನ ಅಪರಾಧ ಅನ್ನುತ್ತೆ. ಯುಜಿಸಿ 2009ರಲ್ಲಿ ಕಠಿಣ ನಿಯಮ ತಂತು, ವಿದ್ಯಾರ್ಥಿ ಮತ್ತು ಪೋಷಕರಿಂದ ಮುಚ್ಚಳಿಕೆ ಬರೆಸಿಕೊಳ್ಳೋದು ಆಗಲೇ ಕಡ್ಡಾಯ ಆಯ್ತು. ಅಮೆರಿಕದಲ್ಲೂ ಇದೇ ರೋಗ. 2017ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಒಂದು ಫ್ರೆಟರ್ನಿಟಿಯಲ್ಲಿ ಹೊಸ ಸದಸ್ಯನಿಗೆ ಬಲವಂತದಿಂದ ಕುಡಿಸಿ, ಬಿದ್ದು ಪೆಟ್ಟಾದರೂ ಗಂಟೆಗಟ್ಟಲೆ ಆಸ್ಪತ್ರೆಗೆ ಸೇರಿಸಲಿಲ್ಲ. ಹುಡುಗ ಸತ್ತ. ವಿಶ್ವವಿದ್ಯಾಲಯ ಆ ಶಾಖೆಯನ್ನ ಶಾಶ್ವತವಾಗಿ ಮುಚ್ಚಿಸಿತು. ಮುಚ್ಚಬೇಕಾದ್ದೇ. ಬೋರರ್ ಹಿಡಿದ ಕಾಫಿ ಗಿಡಾನ ಹಳೇದು ಅಂತ ಯಾರಾದ್ರೂ ಇಟ್ಟುಕೊಳ್ತಾರಾ? ಕಿತ್ತು ಸುಡ್ತಾರೆ.

ಮತ್ತೆ ಜಾತಿ. ಇದನ್ನ ಮುಚ್ಚಿಟ್ಟು ಮಾತಾಡೋದು ಬೇಡ. ಸಮುದಾಯದ ಹಾಸ್ಟೆಲ್ ಇಷ್ಟು ಗಟ್ಟಿಯಾಗಿ ಉಳಿಯೋದಕ್ಕೆ ಜಾತಿಯೂ ಒಂದು ಕಾರಣ. ಡಿಗ್ರಿ ಮೂರು ವರ್ಷಕ್ಕೆ ಮುಗಿಯುತ್ತೆ, ಜಾತಿ ಮುಗಿಯಲ್ಲ. ಹಳಬರನ್ನ ವಾಪಸ್ ಎಳೆದು ತರೋ ಹಗ್ಗ ಅದೇ. ಆ ಹಗ್ಗದ ಆಚೆ ಇರೋರ ಗತಿ ಏನು? ತೋಟದ ಲೈನ್ ಮನೆಯಲ್ಲಿ ಬೆಳೆದ ಹುಡುಗಿ, ಅಪ್ಪ ಅಮ್ಮ ಹಣ್ಣು ಕೊಯ್ಯೋ ಕೂಲಿಗಳು. ಅವಳಿಗೆ ಇರೋದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್, ಇಲ್ಲವೇ ಬಿಸಿಎಂ ಹಾಸ್ಟೆಲ್. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1500 ರೂಪಾಯಿ ಅಂತ 2013ರಲ್ಲಿ ಸರ್ಕಾರ ವಿದ್ಯಾಸಿರಿ ತಂತು. ಒಳ್ಳೇದೇ. ಆದರೆ ದುಡ್ಡು ಬಾಡಿಗೆ ಕಟ್ಟುತ್ತೆ, ಅಕ್ಕನ ಥರ ದಾರಿ ತೋರಿಸಲ್ಲ.

ಸರ್ಕಾರಿ ಹಾಸ್ಟೆಲ್‌ಗೆ ಕಟ್ಟಡ ಇದೆ, ಅಡುಗೆ ಇದೆ, ವಾರ್ಡನ್ ಇದ್ದಾರೆ. ಇಲ್ಲದೆ ಇರೋದು ಒಂದೇ, ವಾಪಸ್ ಬರೋ ಹಳಬರು. ಅಲ್ಲಿ ಓದಿ ತಹಶೀಲ್ದಾರ್ ಆದವರಿದ್ದಾರೆ, ಡಾಕ್ಟರ್ ಆದವರಿದ್ದಾರೆ. ಆದರೆ ನಾನು ಇಂಥ ಹಾಸ್ಟೆಲ್‌ನಲ್ಲಿದ್ದೆ ಅಂತ ಹೇಳಿಕೊಳ್ಳೋಕೆ ಎಷ್ಟೋ ಜನಕ್ಕೆ ಇನ್ನೂ ಸಂಕೋಚ. ಆ ಸಂಕೋಚ ಅವರ ತಪ್ಪಲ್ಲ, ನಮ್ಮ ಸಮಾಜ ಕೊಟ್ಟಿದ್ದು. ಆದರೆ ಅದಕ್ಕೆ ಬೆಲೆ ತೆರ್ತಿರೋದು ಮಾತ್ರ ಇವತ್ತು ಆ ಹಾಸ್ಟೆಲ್‌ನಲ್ಲಿ ಕೂತು ಓದ್ತಿರೋ ಹುಡುಗಿ. ಅವರಲ್ಲಿ ಹತ್ತೇ ಜನ ವರ್ಷಕ್ಕೊಂದು ಭಾನುವಾರ ಅಲ್ಲಿ ಹೋಗಿ ಮಕ್ಕಳ ಜೊತೆ ಊಟಕ್ಕೆ ಕೂತರೆ ಸಾಕು. ಯಾವ ಬಜೆಟ್‌ನಲ್ಲೂ ಸಿಗದ್ದು ಅವಳಿಗೆ ಸಿಗುತ್ತೆ.

ಹಾಗಾದ್ರೆ ಮಾಡಬೇಕಾದ್ದು ಏನು? ದೊಡ್ಡದೇನಿಲ್ಲ. ನಮ್ಮ ಕಾಫಿ ಬೆಳೆಗಾರರನ್ನೇ ಕೇಳಿ. ತೋಟಕ್ಕೆ ನೂರು ವರ್ಷ ಅಂತೀವಿ. ಎಲ್ಲ ಗಿಡಕ್ಕೂ ನೂರು ವರ್ಷ ಆಗಿರುತ್ತಾ? ಇಲ್ಲ. ಮಳೆಗಾಲ ಹಿಡೀತಿದ್ದ ಹಾಗೆ ಸತ್ತ ಗಿಡದ ಜಾಗಕ್ಕೆ ಹೊಸ ಸಸಿ ಹಾಕ್ತಾರೆ. ಇಡೀ ತೋಟ ಒಣಗೋವರೆಗೆ ಕಾಯಲ್ಲ. ಕಾಲೇಜಿನಲ್ಲೂ ಅಷ್ಟೇ. ಕಾರ್ಯದರ್ಶಿ ಎರಡನೇ ವರ್ಷದವನಾಗಿರಲಿ. ಲೆಕ್ಕ, ಫೋನ್ ನಂಬರ್, ಯಾವ ಕಾರ್ಯಕ್ರಮಕ್ಕೆ ಎಷ್ಟು ಖರ್ಚು, ಯಾರ ಹತ್ತಿರ ಏನು ಕೇಳಬೇಕು ಅನ್ನೋದೆಲ್ಲ ಒಂದು ನೋಟ್‌ಬುಕ್‌ನಲ್ಲಿರಲಿ. ಪರೀಕ್ಷೆಗೆ ಮೊದಲೇ ಒಂದು ದಿನ ಗೊತ್ತು ಮಾಡಿ, ಹೋಗೋರು ಬರೋರ ಕೈಗೆ ಎಲ್ಲರ ಎದುರು ಆ ಪುಸ್ತಕ, ಬೀಗದ ಕೈ ಕೊಡಲಿ.

ಮೂಡಿಗೆರೆಯ ಆ ಮೇಷ್ಟ್ರಿಗೆ ನಾನೊಂದು ಮಾತು ಕೊಟ್ಟು ಬಂದಿದ್ದೀನಿ. ಮುಂದಿನ ವರ್ಷ ಉದ್ಘಾಟನೆಗೆ ನನ್ನನ್ನ ಕರೀಬೇಡಿ, ಬರಲ್ಲ. ಒಪ್ಪಿಸೋ ದಿನಕ್ಕೆ ಕರೀರಿ. ಶಾಲು ಬೇಡ, ಹಾರ ಬೇಡ. ಕೊನೇ ಸಾಲಿನಲ್ಲಿ ಕೂತು ನೋಡ್ತೀನಿ.

ನಿಮ್ಮ ಮನೇಲೂ ಅಂಥ ಒಂದು ಪುಸ್ತಕ, ಒಂದು ಬೀಗದ ಕೈ, ಒಂದು ಡ್ರಾಫ್ಟರ್ ಇರಬಹುದು. ಯಾವತ್ತೋ ಯಾರಿಗೋ ಕೊಡಬೇಕಿತ್ತು, ಕೊಡೋದು ಮರೆತು ಹೋಯ್ತು. ಅಟ್ಟ ಹತ್ತಿ ನೋಡಿ.